ಒತ್ತದಿದ್ದರೂ ಕೆಲಸ ಮಾಡುವ ಗುಂಡಿ

ಕೈ ಬಿಗಿಯಾಗಿರುವ ಮನೆಯವರಿಗೆ ಸಿಗುವ ಸಲಹೆ ಬಹುತೇಕ ಒಂದೇ. ಪಾಸಿಟಿವ್ ಆಗಿರಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು, ರಾತ್ರಿ ಮಲಗುವ ಮುಂಚೆ ಕಣ್ಣು ಮುಚ್ಚಿ ನಿಮ್ಮ ಹತ್ತಿರ ಬೇಕಾದಷ್ಟು ದುಡ್ಡಿದೆ ಅಂತ ಕಲ್ಪಿಸಿಕೊಳ್ಳಿ, ಅದು ತಾನಾಗಿ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ ಅನ್ನುತ್ತಾರೆ. ಈ ಮಾತಿನ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಇದು ಸುಳ್ಳು ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಕಷ್ಟದಲ್ಲಿರುವವರ ತಲೆ ಮೇಲೆ ಇದು ಇನ್ನೊಂದು ಹೊರೆ ಇಡುತ್ತದೆ. ನಿಮ್ಮ ಹತ್ತಿರ ದುಡ್ಡಿಲ್ಲದಿರುವುದಕ್ಕೆ ನಿಮ್ಮ ಯೋಚನೆಯೇ ಕಾರಣ ಎಂಬ ಆರೋಪ ಅದರೊಳಗೆ ಅಡಗಿದೆ, ಅಲ್ವಾ?

ಈ ನಂಬಿಕೆಯನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಗೇಬ್ರಿಯೆಲೆ ಓಟಿಂಗನ್ ಎಂಬ ಮನೋವಿಜ್ಞಾನಿ ಜರ್ಮನಿಯಲ್ಲಿ ಓದು ಮುಗಿಸಿ ಕೆಲಸ ಹುಡುಕುತ್ತಿದ್ದವರನ್ನು ಮಾತಾಡಿಸಿದರು. ಒಳ್ಳೆ ಕೆಲಸ ಸಿಕ್ಕಿಬಿಟ್ಟ ಹಾಗೆ ಎಷ್ಟು ಸಲ ಹಗಲುಗನಸು ಕಾಣುತ್ತೀರಿ ಅಂತ ಕೇಳಿ ಬರೆದುಕೊಂಡರು. ಎರಡು ವರ್ಷ ಬಿಟ್ಟು ಮತ್ತೆ ವಿಚಾರಿಸಿದಾಗ, ಜಾಸ್ತಿ ಕನಸು ಕಂಡವರು ಕಡಿಮೆ ಅರ್ಜಿ ಹಾಕಿದ್ದರು, ಅವರಿಗೆ ಬಂದ ಕರೆಗಳೂ ಕಡಿಮೆ, ಸಂಬಳವೂ ಕಡಿಮೆ. ಇದು 2002ರಲ್ಲಿ ಪ್ರಕಟವಾಯಿತು. 2011ರಲ್ಲಿ ಅವರ ತಂಡ ಇದರ ಒಳಗುಟ್ಟನ್ನೂ ತೋರಿಸಿತು. ಸಿಹಿ ಕಲ್ಪನೆಯಲ್ಲಿ ಮುಳುಗಿದವರ ರಕ್ತದೊತ್ತಡ ಸ್ವಲ್ಪ ಇಳಿಯುತ್ತದೆ. ದೇಹ ಕೆಲಸ ಮುಗಿದೇ ಹೋಯಿತು ಎಂಬಂತೆ ಸಡಿಲವಾಗುತ್ತದೆ. ಬೇಕಾಗಿದ್ದ ಹುರುಪು ಅಲ್ಲೇ ಸೋರಿಹೋಗುತ್ತದೆ. ಒಂದು ಮಾತು ಇಲ್ಲಿ ಸ್ಪಷ್ಟವಾಗಿರಲಿ, ನಾನು ಪ್ರಯತ್ನಪಟ್ಟರೆ ಕೆಲಸ ಸಿಗಬಹುದು ಎಂಬ ಸಾಧಾರಣ ನಂಬಿಕೆ ಇದ್ದವರಿಗೆ ಒಳ್ಳೆಯದೇ ಆಗಿತ್ತು. ಕೆಟ್ಟದ್ದು ಮಾಡಿದ್ದು ಆಗಿಹೋಗಿದೆ ಎಂಬ ಕಲ್ಪನೆ.

ಹಾಗಾದರೆ ಕೊರತೆಯ ನಡುವೆ ಮನಸ್ಸು ಕುಗ್ಗದೆ ಇರುವುದು ಹೇಗೆ? ನನಗೆ ತುಂಬಾ ಇಷ್ಟವಾದ ಒಂದು ಉತ್ತರ ವಿಜ್ಞಾನದಲ್ಲಿದೆ. ಅದು ಸಿಕ್ಕಿದ್ದು ಹಣದ ಅಧ್ಯಯನದಲ್ಲಿ ಅಲ್ಲ, ಗದ್ದಲದ ಅಧ್ಯಯನದಲ್ಲಿ.

1960ರ ದಶಕದ ಕೊನೆಯ ಹೊತ್ತು. ಅಮೆರಿಕದಲ್ಲಿ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಇಬ್ಬರು ಮನೋವಿಜ್ಞಾನಿಗಳಿಗೆ, ನಗರದ ಸದ್ದು ಮನುಷ್ಯನಿಗೆ ಏನು ಮಾಡುತ್ತದೆ ಅಂತ ತಿಳಿಯಬೇಕಿತ್ತು. ಅವರು ಒಂದು ವಿಚಿತ್ರ ಧ್ವನಿಸುರುಳಿ ತಯಾರಿಸಿದರು. ಇಬ್ಬರು ಸ್ಪ್ಯಾನಿಷ್‌ನಲ್ಲಿ ಮಾತಾಡುವುದು, ಇನ್ನೊಬ್ಬರು ಆರ್ಮೀನಿಯನ್‌ನಲ್ಲಿ ಮಾತಾಡುವುದು, ಟೈಪ್‌ರೈಟರ್, ಲೆಕ್ಕ ಹಾಕುವ ಯಂತ್ರ, ಪ್ರತಿ ತೆಗೆಯುವ ಯಂತ್ರ, ಇವೆಲ್ಲ ಒಂದರ ಮೇಲೊಂದು. ಬಂದವರನ್ನು ಕೂರಿಸಿ ಲೆಕ್ಕ, ಪದಗಳ ಸಣ್ಣ ಕೆಲಸ ಕೊಟ್ಟು, ನಡುನಡುವೆ ಈ ಸದ್ದನ್ನು ಜೋರಾಗಿ ಹಾಕಿದರು. ಸದ್ದಿನ ಹೊತ್ತಿನಲ್ಲಿ ಯಾರಿಗೂ ದೊಡ್ಡ ತೊಂದರೆಯಾಗಲಿಲ್ಲ. ಸ್ವಲ್ಪ ಹೊತ್ತಿಗೆ ಒಗ್ಗಿಹೋದರು. ತೊಂದರೆ ಕಂಡಿದ್ದು ಸದ್ದು ನಿಂತ ಮೇಲೆ! ಬಿಡಿಸಲು ಸಾಧ್ಯವೇ ಇಲ್ಲದ ಒಗಟುಗಳನ್ನು ಕೊಟ್ಟಾಗ ಬೇಗ ಕೈಚೆಲ್ಲಿದರು. ಅಚ್ಚಿನ ತಪ್ಪು ಹುಡುಕಲು ಕೊಟ್ಟಾಗ ಎಷ್ಟೋ ತಪ್ಪು ಕಣ್ಣಿಗೆ ಬೀಳಲಿಲ್ಲ.

ಇನ್ನೊಂದು ಗುಂಪಿಗೆ ಅದೇ ಸದ್ದು, ಅಷ್ಟೇ ಜೋರು. ವ್ಯತ್ಯಾಸ ಒಂದೇ. ಅವರ ಹತ್ತಿರ ಒಂದು ಗುಂಡಿ ಇತ್ತು. ತಡೆಯೋಕೆ ಆಗದಿದ್ದರೆ ಇದನ್ನು ಒತ್ತಿ, ಸದ್ದು ನಿಲ್ಲುತ್ತದೆ, ಆದರೆ ಒತ್ತದಿದ್ದರೆ ನಮಗೆ ಉಪಕಾರ ಅಂತ ಹೇಳಿದ್ದರು. ಅವರು ಒತ್ತಲಿಲ್ಲ. ಅಂದರೆ ಎರಡೂ ಗುಂಪಿನ ಕಿವಿಗೆ ಬಿದ್ದಿದ್ದು ಒಂದೇ ಸದ್ದು. ಆದರೂ ಗುಂಡಿ ಇದ್ದವರು ಆ ಒಗಟುಗಳ ಮೇಲೆ ಹಲವು ಪಟ್ಟು ಜಾಸ್ತಿ ಪ್ರಯತ್ನ ಮಾಡಿದರು, ತಪ್ಪು ಹುಡುಕುವುದರಲ್ಲೂ ಮುಂದಿದ್ದರು. ಮತ್ತೊಂದು ವಿಷಯ. ಸದ್ದು ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತಾಗುವಂತೆ ಸರಿಯಾದ ಅಂತರದಲ್ಲಿ ಹಾಕಿದಾಗಲೂ ಆಮೇಲಿನ ಸುಸ್ತು ಕಡಿಮೆಯಾಯಿತು.

ನನಗೆ ಇದನ್ನು ಎಷ್ಟು ಸಲ ಯೋಚಿಸಿದರೂ ಆಶ್ಚರ್ಯವೇ. ಬಳಸದ ಗುಂಡಿ. ಅದು ಇದೆ ಅನ್ನೋದು ಗೊತ್ತಿದ್ದರೆ ಸಾಕು.

ಇದು ಯಾಕೆ ಹೀಗೆ ಅಂತ ತಿಳಿಯಲು ಇನ್ನೊಂದು ಕಥೆಗೆ ಹೋಗಬೇಕು. 1967ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಾಯಿಗಳ ಮೇಲೆ ಮಾಡಿದ ಪ್ರಯೋಗ ಬಹಳ ಹೆಸರು ಮಾಡಿತು. ಕ್ರೂರವಾದ ಪ್ರಯೋಗವೇ. ಕೆಲವು ನಾಯಿಗಳು ತಲೆಯಿಂದ ಒಂದು ಹಲಗೆ ಒತ್ತಿ ವಿದ್ಯುತ್ ಶಾಕ್ ನಿಲ್ಲಿಸಬಹುದಿತ್ತು. ಬೇರೆ ಕೆಲವಕ್ಕೆ ಅಷ್ಟೇ ಶಾಕ್, ಆದರೆ ಏನು ಮಾಡಿದರೂ ನಿಲ್ಲಿಸಲಾಗದು. ಆಮೇಲೆ ಎರಡನ್ನೂ, ಸುಲಭವಾಗಿ ಹಾರಿ ತಪ್ಪಿಸಿಕೊಳ್ಳಬಹುದಾದ ಜಾಗದಲ್ಲಿ ಬಿಟ್ಟಾಗ, ಎರಡನೇ ಗುಂಪಿನ ಹೆಚ್ಚಿನ ನಾಯಿಗಳು ಹಾರಲೇ ಇಲ್ಲ. ಸುಮ್ನೆ ಮಲಗಿ ಸಹಿಸಿಕೊಂಡವು. ಅವು ಅಸಹಾಯಕತೆಯನ್ನು ಕಲಿತಿವೆ ಅಂತ ಇಬ್ಬರೂ ವಿವರಿಸಿದರು. ಆ ವಿವರಣೆ ಪಠ್ಯಪುಸ್ತಕಗಳಿಗೆ ಸೇರಿತು.

ಮೇಯರ್ ಆಮೇಲೆ ಮಿದುಳಿನ ವಿಜ್ಞಾನಕ್ಕೆ ಹೋಗಿ ದಶಕಗಳ ಕಾಲ ಇಲಿಗಳ ಮಿದುಳನ್ನು ಅಧ್ಯಯನ ಮಾಡಿದರು. 2016ರಲ್ಲಿ ಅದೇ ಇಬ್ಬರು ಮತ್ತೆ ಸೇರಿ ಬರೆದ ಲೇಖನದಲ್ಲಿ, ನಮ್ಮ ಹಳೆಯ ವಿವರಣೆ ತಲೆಕೆಳಗಾಗಿತ್ತು ಅಂತ ಒಪ್ಪಿಕೊಂಡರು. ಐವತ್ತು ವರ್ಷ ಹೆಸರು ತಂದ ಸಿದ್ಧಾಂತವನ್ನು ಅದನ್ನು ಕಟ್ಟಿದವರೇ ತಿರುಗಿಸಿ ಇಡುವುದು ದೊಡ್ಡ ಮನಸ್ಸಿನ ಕೆಲಸ. ಅಸಹಾಯಕತೆಯನ್ನು ಯಾರೂ ಕಲಿಯಬೇಕಾಗಿಲ್ಲ ಅನ್ನುತ್ತಾರೆ ಅವರು. ಕಷ್ಟ ಬಹಳ ಹೊತ್ತು ಎಳೆದರೆ ಮಿದುಳಿನ ಕಾಂಡದಲ್ಲಿರುವ ಡಾರ್ಸಲ್ ರ‍್ಯಾಫೆ ಎಂಬ ಪುಟ್ಟ ಭಾಗ ಚುರುಕಾಗಿ ಸಿರೊಟೊನಿನ್ ಎಂಬ ರಾಸಾಯನಿಕ ಹರಿಸುತ್ತದೆ, ಪ್ರಾಣಿ ತಾನಾಗಿಯೇ ಮಂಕಾಗುತ್ತದೆ, ಹೆದರುತ್ತದೆ. ಅದು ಹುಟ್ಟಿನಿಂದ ಬಂದ ಪ್ರತಿಕ್ರಿಯೆ. ಕಲಿಯಬೇಕಾದದ್ದು ಅದರ ಎದುರಿನ ವಿಷಯ, ಅಂದರೆ ನನ್ನ ಕೈಯಲ್ಲಿ ಏನೋ ಒಂದು ಇದೆ ಎಂಬುದು. ಹಣೆಯ ಹಿಂದಿರುವ ಮಿದುಳಿನ ಮುಂಭಾಗ ಅದನ್ನು ಗುರುತಿಸಿದಾಗ ಆ ಪುಟ್ಟ ಭಾಗಕ್ಕೆ ಸಾಕು ನಿಲ್ಲು ಅನ್ನುವ ಸಂದೇಶ ಕಳಿಸುತ್ತದೆ. ಇಳಿಜಾರಿನಲ್ಲಿ ಓಡುವ ಸೈಕಲ್ಲಿಗೆ ಬ್ರೇಕ್ ಇದ್ದ ಹಾಗೆ. ಸೈಕಲ್ಲು ಓಡಲು ಯಾರೂ ತುಳಿಯಬೇಕಾಗಿಲ್ಲ, ನಿಲ್ಲಲು ಮಾತ್ರ ಬ್ರೇಕ್ ಬೇಕು. ಮತ್ತೂ ಒಳ್ಳೆಯ ಸುದ್ದಿ ಏನೆಂದರೆ, ಮೊದಲು ಒಂದು ಕಷ್ಟವನ್ನು ತಾನೇ ನಿಲ್ಲಿಸಿ ಅನುಭವವಿದ್ದ ಇಲಿಗಳು, ಆಮೇಲೆ ತಡೆಯಲಾಗದ ಕಷ್ಟ ಬಂದಾಗಲೂ ಅಷ್ಟಾಗಿ ಕುಗ್ಗಲಿಲ್ಲ.

ಇಲಿಯಿಂದ ಮನುಷ್ಯನ ಸಂಸಾರಕ್ಕೆ ನೇರವಾಗಿ ಹಾರಬಾರದು, ಅದು ನನಗೂ ಗೊತ್ತು. ಆದರೆ ಕೈ ಬಿಗಿಯಿರುವ ಮನೆಯಲ್ಲಿ ಮನಸ್ಸು ಕುಗ್ಗುವುದು ಸ್ವಭಾವದ ದೋಷ, ಸೋಮಾರಿತನ, ಧೈರ್ಯ ಇಲ್ಲದಿರುವುದು ಅಂತ ಹೇಳುವವರಿಗೆ ಇಷ್ಟು ಸಾಕು. ಎಳೆದಾಡುವ ಕಷ್ಟಕ್ಕೆ ಯಾವುದೇ ಮಿದುಳು ಕೊಡುವ ಮೊದಲ ಉತ್ತರ ಅದೇ.

ಈಗ ಮನೆಯ ಲೆಕ್ಕಕ್ಕೆ ಬರೋಣ. ಮುಟ್ಟದೆ ಇಟ್ಟ ಒಂದು ಸಣ್ಣ ಮೊತ್ತ ಆ ಗುಂಡಿಯ ಕೆಲಸ ಮಾಡುತ್ತದೆ ಅನ್ನೋದು ನನ್ನ ಅಭಿಪ್ರಾಯ. ಅಷ್ಟು ಸಣ್ಣ ಉಳಿತಾಯದಿಂದ ಏನಾಗುತ್ತದೆ ಅಂತ ಕೇಳುವವರು ಅದನ್ನು ಬರೀ ಮೊತ್ತವಾಗಿ ನೋಡುತ್ತಾರೆ. ದೊಡ್ಡ ಖರ್ಚು ಅದರಿಂದ ತೀರದಿರಬಹುದು. ಆದರೆ ನಾಳೆ ಏನಾದರೂ ಮುರಿದರೆ, ಯಾರಿಗಾದರೂ ಜ್ವರ ಬಂದರೆ, ತಕ್ಷಣ ಇನ್ನೊಬ್ಬರ ಮುಂದೆ ಕೈ ಚಾಚಬೇಕಾಗಿಲ್ಲ ಅನ್ನೋದು ಖರ್ಚಾಗದ ದಿನಗಳಲ್ಲೂ ಕೆಲಸ ಮಾಡುತ್ತಿರುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬ್ರಿಟನ್ನಿನ 585 ಮಂದಿ ಬ್ಯಾಂಕ್ ಗ್ರಾಹಕರ ಖಾತೆಯನ್ನೂ ಅವರ ಬದುಕಿನ ತೃಪ್ತಿಯನ್ನೂ ಹೋಲಿಸಿದರು. ಆದಾಯ, ಹೂಡಿಕೆ, ಸಾಲ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ತಕ್ಷಣ ಕೈಗೆ ಸಿಗುವ ದುಡ್ಡು ಜಾಸ್ತಿ ಇದ್ದವರ ತೃಪ್ತಿ ಜಾಸ್ತಿ ಇತ್ತು. ಒಂದರಿಂದಲೇ ಇನ್ನೊಂದು ಬಂತು ಅಂತ ಇದು ಸಾಬೀತು ಮಾಡುವುದಿಲ್ಲ. ಆದರೆ ಗ್ಲಾಸ್ ಮತ್ತು ಸಿಂಗರ್ ಕಂಡದ್ದಕ್ಕೆ ಚೆನ್ನಾಗಿ ಹೊಂದುತ್ತದೆ.

ಇದೇ ಕಾರಣಕ್ಕೆ, ಪ್ರತಿಯೊಂದು ಕಾಸಿಗೂ ಒಬ್ಬರೇ ಲೆಕ್ಕ ಕೇಳುವ ಮನೆಗಳ ಬಗ್ಗೆ ನನಗೆ ಬೇಜಾರು. ಉಳಿತಾಯ ಆಗಬಹುದು. ಉಳಿದವರ ಕೈಯಲ್ಲಿ ಮಾತ್ರ ಯಾವ ಗುಂಡಿಯೂ ಇರುವುದಿಲ್ಲ. ಎಷ್ಟೇ ಸಣ್ಣದಾಗಿರಲಿ, ಮಕ್ಕಳೂ ಸೇರಿ ಪ್ರತಿಯೊಬ್ಬರಿಗೂ ಯಾರೂ ಪ್ರಶ್ನೆ ಕೇಳದ ಒಂದು ಪಾಲು ಇದ್ದರೆ, ಅದನ್ನು ದುಂದು ಅನ್ನಬಾರದು.

ಇನ್ನು ಮೊದಲೇ ಗೊತ್ತಾಗುವ ಸದ್ದಿನ ವಿಷಯ. 2016ರಲ್ಲೇ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 45 ಜನರಿಗೆ ಒಂದು ಕಂಪ್ಯೂಟರ್ ಆಟ ಆಡಿಸಿದರು. ಪರದೆಯ ಮೇಲೆ ಕಲ್ಲುಗಳು. ಕೆಳಗೆ ಹಾವಿದೆಯಾ ಇಲ್ಲವಾ ಅಂತ ಊಹಿಸಬೇಕು, ಹಾವಿದ್ದರೆ ಕೈಗೆ ನೋಯುವಂಥ ಶಾಕ್. ಬೆವರು, ಕಣ್ಣಿನ ಪಾಪೆ ಎಲ್ಲವನ್ನೂ ಅಳೆದರು. ಶಾಕ್ ಖಂಡಿತ ಅಂತ ಗೊತ್ತಿದ್ದಾಗಿನ ಒತ್ತಡಕ್ಕಿಂತ, ಬರಬಹುದು ಬರದೇ ಇರಬಹುದು ಎಂಬ ಶೇಕಡಾ 50ರ ಹೊತ್ತಿನ ಒತ್ತಡವೇ ಅತಿ ಹೆಚ್ಚು!

ಖಾತೆಯಲ್ಲಿ ಎಷ್ಟಿದೆ ಅಂತ ನೋಡಲು ಹೆದರುವವರು ಸದಾ ಆ ಐವತ್ತರಲ್ಲೇ ಬದುಕುತ್ತಾರೆ. ನೋಡದೆ ಇರುವುದು ಸಹಜವೇ. ಮಾರುಕಟ್ಟೆ ಇಳಿದಾಗ ಹೂಡಿಕೆದಾರರೂ ತಮ್ಮ ಖಾತೆಯನ್ನು ಕಡಿಮೆ ಸಲ ತೆರೆದು ನೋಡುತ್ತಾರೆ ಅಂತ 2009ರಲ್ಲಿ ತೋರಿಸಿದ್ದಾರೆ, ಅವರೇನು ಬಡವರಲ್ಲ. ಆದರೆ ಬರೆದಿಟ್ಟ ಕೆಟ್ಟ ಅಂಕಿ ಬರೆಯದ ಅಂಕಿಗಿಂತ ಕಡಿಮೆ ಕಾಡುತ್ತದೆ. ಬರೆದರೆ ಮಾತ್ರ ಸಾಲದು, ಪಕ್ಕದಲ್ಲಿ ಇದನ್ನು ಯಾವತ್ತು, ಯಾವ ದುಡ್ಡಿನಿಂದ ತೀರಿಸುವುದು ಅಂತಲೂ ಬರೆಯಬೇಕು. ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಮನೋವಿಜ್ಞಾನಿಗಳು 2011ರಲ್ಲಿ ಕಂಡುಕೊಂಡದ್ದು ಇದನ್ನೇ. ಮುಗಿಯದ ಕೆಲಸ ಬೇರೆ ಕೆಲಸದ ನಡುವೆ ತಲೆಗೆ ನುಗ್ಗುತ್ತಲೇ ಇರುತ್ತದೆ. ಯಾವಾಗ, ಹೇಗೆ ಮಾಡುತ್ತೇನೆ ಅಂತ ಸ್ಪಷ್ಟವಾಗಿ ಯೋಜನೆ ಹಾಕಿದರೆ, ಆ ಕೆಲಸ ಇನ್ನೂ ಮುಗಿಯದಿದ್ದರೂ ನುಗ್ಗುವುದು ನಿಲ್ಲುತ್ತದೆ. ನಿದ್ದೆಗೂ ಇದು ಸಹಾಯ ಮಾಡುತ್ತದೆ. 2018ರ ಒಂದು ಪ್ರಯೋಗದಲ್ಲಿ ಮಲಗುವ ಮುಂಚೆ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆದವರು, ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಬೇಗ ನಿದ್ದೆ ಹೋದರು. ಮಲಗುವ ಮುಂಚೆ ಶ್ರೀಮಂತಿಕೆಯ ಕನಸು ಕಾಣಿ ಅನ್ನುವವರಿಗೆ ಇದನ್ನು ಹೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಪಟ್ಟಿ ಬರೆದರೆ ಆದಾಯ ಹೆಚ್ಚುವುದಿಲ್ಲ. ದುಡ್ಡಿನ ಕೊರತೆಗೆ ದುಡ್ಡೇ ಮದ್ದು. ತಮಿಳುನಾಡಿನ 464 ಮಂದಿ ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಪ್ರಸಿದ್ಧ. ಕಟಾವಿನ ಮುಂಚೆ ಕೈ ಖಾಲಿ, ಆಮೇಲೆ ದುಡ್ಡು. ಅದೇ ರೈತರು ಕಟಾವಿನ ಮುಂಚೆ ಬುದ್ಧಿ ಪರೀಕ್ಷೆಯ ಒಗಟುಗಳಲ್ಲಿ ಹಿಂದೆ ಬಿದ್ದರು, ಆಮೇಲೆ ಚೆನ್ನಾಗಿ ಮಾಡಿದರು. ಬೇರೆ ಕಡೆ, ಸಂಬಳದ ದಿನದ ಹಿಂದೆ ಮುಂದೆ ಇಂಥದ್ದೇ ಪರೀಕ್ಷೆ ಮಾಡಿದವರಿಗೆ ಇಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಬಡತನ ಬುದ್ಧಿಯನ್ನೇ ತಿನ್ನುತ್ತದೆ ಅಂತ ಘೋಷಣೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ಸಂಶೋಧನೆಯಲ್ಲಿ, ವಸ್ತುವಿನ ಬೆಲೆ ದೊಡ್ಡದಿರಲಿ ಸಣ್ಣದಿರಲಿ, ಅಷ್ಟೇ ಮೊತ್ತದ ರಿಯಾಯಿತಿ ಸಿಕ್ಕರೆ ಉಳಿಯುವ ದುಡ್ಡು ಒಂದೇ ಅನ್ನುವುದನ್ನು ಶ್ರೀಮಂತರಿಗಿಂತ ಬಡವರೇ ಸರಿಯಾಗಿ ಲೆಕ್ಕ ಹಾಕಿದ್ದರು. ಅದನ್ನು ಯಾರೂ ಎತ್ತಿ ಹೇಳುವುದಿಲ್ಲ.

ನನಗೆ ಹೆಚ್ಚು ಭರವಸೆ ಕೊಡುವುದು ಒಡಿಶಾದಲ್ಲಿ ನಡೆದ ಪ್ರಯೋಗ. ಅಲ್ಲಿ ಎಲೆಯ ತಟ್ಟೆ ಮಾಡುವ ಕೆಲಸಗಾರರಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ದುಡಿದ ಕೂಲಿಯ ಒಂದು ಭಾಗವನ್ನು ಕೆಲವು ದಿನ ಮುಂಚೆಯೇ ಕೊಟ್ಟರು. ಒಟ್ಟು ಕೂಲಿಯ ದರ ಬದಲಾಗಲಿಲ್ಲ. ದುಡ್ಡು ಸಿಕ್ಕವರು ತಕ್ಷಣ ಸಾಲ ತೀರಿಸಿದರು, ಮನೆಗೆ ಬೇಕಾದ್ದು ತಂದರು. ಮರುದಿನಗಳಲ್ಲಿ ಅವರು ಮಾಡಿದ ತಟ್ಟೆಗಳ ಸಂಖ್ಯೆ ಏರಿತು, ತಪ್ಪುಗಳು ಇಳಿದವು. ಹೆಚ್ಚು ಬಡವರಾಗಿದ್ದವರಲ್ಲೇ ಈ ಬದಲಾವಣೆ ಎದ್ದು ಕಂಡಿತು. ಕೆಲಸ ಕೊಡುವವರಿಗೆ ಇದರಲ್ಲಿ ನಷ್ಟವೇನೂ ಇಲ್ಲ. ಹೇಗೂ ಕೊಡಬೇಕಾದ ದುಡ್ಡು, ಕೆಲವು ದಿನ ಮುಂಚೆ ಕೊಟ್ಟರು ಅಷ್ಟೆ.