ಮಂಗನ ಹೆಸರಿಗೆ ಅಂಟಿದ ಕಾಡಂಚಿನ ಜ್ವರ

ಅಡಿಕೆ ಕೊಯ್ಲು ಮುಗಿಯುತ್ತಾ ಬಂದಂತೆ ಮಲೆನಾಡಿನ ಮನೆಗಳಲ್ಲಿ ಇನ್ನೊಂದು ಕೆಲಸ ಶುರುವಾಗುತ್ತದೆ, ದರಕು ಗುಡಿಸುವುದು. ಬೆಟ್ಟದಲ್ಲಿ ಉದುರಿದ ಒಣ ಎಲೆಯನ್ನು ಕಡ್ಡಿ ಪೊರಕೆಯಲ್ಲಿ ರಾಶಿ ಮಾಡಿ, ದೊಡ್ಡ ಹೆಡಿಗೆಗೆ ತುಂಬಿ, ಕಾಲಲ್ಲಿ ತುಳಿದು ಅದುಮಿ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಾರೆ. ಸಗಣಿ ಗಂಜಲ ಹೀರಿದ ಆ ಹಾಸು ಗೊಬ್ಬರಗುಂಡಿಗೆ ಹೋಗಿ, ಅಲ್ಲಿಂದ ಅಡಿಕೆ ಮರದ ಬುಡ ಸೇರುತ್ತದೆ. ಸಂಜೆ ಮನೆಗೆ ಬಂದವರು ಬಿಸಿನೀರು ಹೊಯ್ದುಕೊಳ್ಳುವ ಮುಂಚೆ ಮೈ ತಡಕಿ ನೋಡಿಕೊಳ್ಳುತ್ತಾರೆ. ಮಂಡಿಯ ಹಿಂದೆ, ಸೊಂಟದ ಸುತ್ತ, ಕಂಕುಳಲ್ಲಿ. ಎಳ್ಳು ಕಾಳಿನಂಥ ಕಂದು ಚುಕ್ಕೆಯೊಂದು ಬೆರಳಿಗೆ ಸಿಕ್ಕಿ, ಒರೆಸಿದರೂ ಬರದಿದ್ದರೆ, ಅದು ಉಣುಗಿನ ಮರಿ.

ಮಂಗನ ಕಾಯಿಲೆಯ ಕತೆಯೆಲ್ಲ ಈ ಎಲೆ, ಈ ಕೊಟ್ಟಿಗೆ, ಈ ಚುಕ್ಕೆಯ ನಡುವೆಯೇ ಇದೆ. ಹೆಸರು ಮಾತ್ರ ಪಾಪ ಮಂಗನಿಗೆ ಅಂಟಿತು.

ಅದು 1957ರ ಬೇಸಿಗೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮುಸಿಯಗಳೂ ಕೆಂಪು ಮೂತಿಯ ಮಂಗಗಳೂ ಸಾಯುತ್ತಿದ್ದವು. ಅದರ ಬೆನ್ನಿಗೇ ಕಾಡಿಗೆ ಹೋಗಿ ಬಂದ ಮನುಷ್ಯರಿಗೂ ಜ್ವರ. ತಲೆ ಸಿಡಿಯುವ ನೋವು, ಸೊಂಟ ಕಾಲು ಎತ್ತಿಡಲಾಗದ ಮೈಕೈ ನೋವು, ಕೆಂಪೇರಿದ ಕಣ್ಣು, ಕೆಲವರಿಗೆ ಮೂಗಿನಿಂದ, ವಸಡಿನಿಂದ ರಕ್ತ. ಮೊದಲು ವಿಷಮಶೀತ ಜ್ವರ ಇರಬಹುದೆಂದುಕೊಂಡರು. ಆದರೆ ಮಂಗ ಸಾಯುವುದಕ್ಕೂ ಮನುಷ್ಯ ಮಲಗುವುದಕ್ಕೂ ಸಂಬಂಧವಿದೆಯೆಂದು ಊರಿನವರೇ ಗಮನಿಸಿ ಹೇಳುತ್ತಿದ್ದರು. ಮಂಗನ ಕಾಯಿಲೆ ಎಂಬ ಹೆಸರು ಬಂದದ್ದು ಪ್ರಯೋಗಾಲಯದಿಂದಲ್ಲ, ಆ ಹಳ್ಳಿಗಳಿಂದ.

ಪುಣೆಯಲ್ಲಿ ಆಗ ವೈರಸ್ ಸಂಶೋಧನಾ ಕೇಂದ್ರ ಶುರುವಾಗಿ ಐದೇ ವರ್ಷ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು, ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ಮಂಗಗಳು ಸಾಯುತ್ತಿವೆ ಎಂಬ ಸುದ್ದಿ ಅಲ್ಲಿಗೆ ಮುಟ್ಟಿದಾಗ ಎಲ್ಲರಿಗೂ ಹೊಳೆದದ್ದು ಒಂದೇ ಭಯ: ಹಳದಿ ಜ್ವರ. ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿದ್ದು ಏಷ್ಯಾಕ್ಕೆ ಎಂದೂ ಕಾಲಿಡದ ಆ ರೋಗ ಭಾರತಕ್ಕೆ ಬಂದೇಬಿಟ್ಟಿತೇ? ಟೆಲ್‌ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಅವರ ತಂಡ ಕಾಡಿಗೆ ಬಂದು ಸತ್ತ ಮಂಗಗಳ, ರೋಗಿಗಳ, ಉಣುಗುಗಳ ಮಾದರಿ ಒಯ್ದಿತು. ಸಿಕ್ಕ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ವಸಂತ ಮತ್ತು ಬೇಸಿಗೆಯಲ್ಲಿ ಮಿದುಳು ಜ್ವರ ತರುವ, ಉಣುಗಿನಿಂದಲೇ ಹರಡುವ ವೈರಸ್ಸಿನ ಬಳಗಕ್ಕೆ ಅದು ಸೇರಿತ್ತು. ಹಬ್ಬಿಸುವುದು ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ರೋಗಕ್ಕೆ ಕ್ಯಾಸನೂರು ಕಾಡಿನ ಹೆಸರೇ ಬಿತ್ತು.

ರಷ್ಯಾದ ನಂಟು ಕಂಡದ್ದೇ ತಡ, ಸೈಬೀರಿಯಾದಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳೇ ಉಣುಗು ಹೊತ್ತು ತಂದಿರಬೇಕೆಂಬ ಊಹೆ ಎದ್ದಿತು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಕೈಗೆತ್ತಿಕೊಂಡಿತು. ಮುಂದೆ ಆ ಕೆಲಸಕ್ಕೆ ಅಮೆರಿಕದ ಸೇನೆಯ ಹಣವೂ ಬಂದು, 1970ರ ದಶಕದ ಮಧ್ಯದಲ್ಲಿ ಸಂಸತ್ತಿನವರೆಗೂ ಗದ್ದಲವಾಯಿತು. ಬಡ ದೇಶದ ರೋಗವನ್ನು ಶ್ರೀಮಂತ ದೇಶದ ಸೇನೆ ಯಾಕೆ ಅಧ್ಯಯನ ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಕ್ಕಿಗಳು ರೋಗ ತಂದವೆಂಬುದಕ್ಕೆ ಪುರಾವೆ ಸಿಗಲಿಲ್ಲ. ಈ ವೈರಸ್ಸಿಗೆ ತೀರ ಹತ್ತಿರದ ದಾಯಾದಿ ಸಿಕ್ಕಿದ್ದು 1990ರ ದಶಕದಲ್ಲಿ, ಸೌದಿ ಅರೇಬಿಯಾದಲ್ಲಿ. ಅಲ್ಖುರ್ಮಾ ವೈರಸ್ ಎಂದು ಅದರ ಹೆಸರು.

ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು ಹೇಳಿದವರು ಕೊಲಂಬಿಯಾದ ಹೊರ್ಹೆ ಬೊಷೆಲ್. ತಮ್ಮ ದೇಶದಲ್ಲಿ ಕಾಡಿನ ಹಳದಿ ಜ್ವರದ ಗುಟ್ಟು ಹುಡುಕುತ್ತಿದ್ದಾಗ ಅವರು ಒಂದು ದೃಶ್ಯ ನೋಡಿದ್ದರು. ಕಡಿದ ಮರ ನೆಲಕ್ಕುರುಳಿದಾಗ, ಅದುವರೆಗೆ ಮರದ ನೆತ್ತಿಯಲ್ಲಿದ್ದ ಸೊಳ್ಳೆಗಳ ಹಿಂಡು ಕೊಡಲಿ ಹಿಡಿದವರ ಮೇಲೆ ಮುಗಿಬಿದ್ದಿತ್ತು. ಅದೇ ಕಣ್ಣನ್ನು ಹೊತ್ತು ಅವರು ಮಲೆನಾಡಿಗೆ ಬಂದರು. 1969ರಲ್ಲಿ ಅವರು ಬರೆದದ್ದರ ತಿರುಳು ಇಷ್ಟು: ವೈರಸ್ ಹೊಸದಾಗಿ ಬಂದದ್ದಾಗಿರಬೇಕಿಲ್ಲ, ಇಲಿ, ಮೂಗಿಲಿಗಳ ನಡುವೆ ಕಾಡಿನೊಳಗೆ ಸದ್ದಿಲ್ಲದೆ ಇದ್ದಿರಬಹುದು. ಹೊಸದಾಗಿ ಆದದ್ದು ಬೇರೆ. ಜನ ಹೆಚ್ಚಿದರು, ಕಾಡು ಕಡಿದು ಗದ್ದೆ ತೋಟ ಮಾಡಿದರು, ದನಗಳನ್ನು ಕಾಡಿಗೆ ಬಿಟ್ಟರು.

ದನದ ಪಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ದನಕ್ಕೆ ಈ ರೋಗ ಬರುವುದಿಲ್ಲ, ಅದರ ಮೈಯಲ್ಲಿ ವೈರಸ್ ಬೆಳೆಯುವುದೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಬಲಿತ ಉಣುಗಿಗೆ ಮೊಟ್ಟೆಯಿಡಲು ಹೊಟ್ಟೆ ತುಂಬ ರಕ್ತ ಬೇಕು, ಅದನ್ನು ಕೊಡುವುದು ಕಾಡಂಚಲ್ಲಿ ಮೇಯುವ ದನ. ಮಳೆಗಾಲದಲ್ಲಿ ರಕ್ತ ಕುಡಿದ ಹೆಣ್ಣು ಉಣುಗು ದರಕಿನ ಅಡಿ ಮೊಟ್ಟೆಯಿಡುತ್ತದೆ. ಮಳೆ ಹಿಂದಾದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಬರುತ್ತವೆ. ಡಿಸೆಂಬರಿನಿಂದ ಮೇವರೆಗೆ ಎರಡನೇ ಹಂತದ ಮರಿಗಳ ಕಾಲ. ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಇವೇ, ಮತ್ತು ಮನುಷ್ಯ ದರಕಿಗೆ, ಸೌದೆಗೆ ಕಾಡು ಹೊಗುವುದೂ ಆಗಲೇ. ಮಂಗನಾದರೋ ನಮ್ಮಂತೆಯೇ ರೋಗಕ್ಕೆ ಸಿಕ್ಕಿದ ಜೀವ. ಅದು ಸತ್ತು ಮೈ ತಣ್ಣಗಾದ ಕೂಡಲೇ ಮೈಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ಎಲೆಯಲ್ಲಿ ಹರಡುತ್ತವೆ. ಹೆಣ ಕಂಡಲ್ಲಿ 50 ಮೀಟರ್ ಸುತ್ತ ಕೀಟನಾಶಕ ಹೊಡೆಯುವುದು ಇದೇ ಕಾರಣಕ್ಕೆ. ಸತ್ತ ಮಂಗ ಊರಿಗೆ ಮುನ್ಸೂಚನೆ ಕೊಟ್ಟು ಸಾಯುತ್ತದೆ. ಅದನ್ನು ಅಪರಾಧಿಯೆಂದು ಕರೆಯುವುದು ನನಗೆ ಒಪ್ಪುವುದಿಲ್ಲ.

ಬೊಷೆಲ್ ಮಾತಿನ ಸತ್ಯ 1982ರಲ್ಲಿ ಕಣ್ಣಿಗೆ ರಾಚಿತು. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಸುತ್ತ, ಗೇರು ತೋಟಕ್ಕಾಗಿ ಕಾಡು ಕಡಿದ ಜಾಗದ ಹತ್ತಿರ ರೋಗ ಭುಗಿಲೆದ್ದಿತು. ಸಾವಿರಕ್ಕೂ ಹೆಚ್ಚು ಜನ ಮಲಗಿದರು, ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು.

ಇಷ್ಟಾದರೂ ನಾವು ನೆಚ್ಚಿಕೊಂಡದ್ದು ಲಸಿಕೆಯನ್ನು. ಮೊದಲಿಗೆ ರಷ್ಯಾದ ರೋಗದ ಲಸಿಕೆಯನ್ನೇ ಇಲ್ಲಿ ಕೊಟ್ಟು ನೋಡಿದರು, ಅದು ಕಾಪಾಡಲಿಲ್ಲ. ಸ್ಥಳೀಯ ವೈರಸ್ಸಿನಿಂದಲೇ ಲಸಿಕೆ ಮಾಡುವ ದಾರಿ ಸುಲಭದ್ದಲ್ಲ, ಸಂಶೋಧಕರಿಗೇ ಪ್ರಯೋಗಾಲಯದಲ್ಲಿ ಸೋಂಕು ತಗುಲುತ್ತಿತ್ತು. ಕೊನೆಗೆ ಕೋಳಿ ಭ್ರೂಣದ ಜೀವಕೋಶದಲ್ಲಿ ಬೆಳೆಸಿ ಕೊಂದ ವೈರಸ್ಸಿನ ಲಸಿಕೆ ಬಂತು. 1990ರಿಂದ 1992ರವರೆಗೆ ನಡೆದ ಪರೀಕ್ಷೆಯಲ್ಲಿ ಒಂದು ಡೋಸ್ 79.3%, ಎರಡು ಡೋಸ್ 93.5% ರಕ್ಷಣೆ ಕೊಟ್ಟವು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ 62.4%ಕ್ಕೆ ಇಳಿದಿತ್ತು. ಬೂಸ್ಟರನ್ನೂ ಪಡೆದವರಲ್ಲಿ 82.9%. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷವೂ ಚುಚ್ಚಿಸಿಕೊಳ್ಳಬೇಕಿತ್ತು. ಚುಚ್ಚಿದ ತೋಳು ದಿನಗಟ್ಟಲೆ ನೋಯುತ್ತಿತ್ತು. ದಿನಗೂಲಿಗೆ ಹೋಗುವ ಹೆಣ್ಣುಮಗಳು ಮೂರನೇ ಸಲ ಬರಲಿಲ್ಲವೆಂದರೆ ಅದನ್ನು ಅಜ್ಞಾನವೆಂದು ಬರೆದುಕೊಳ್ಳುವುದು ಅನ್ಯಾಯ. ಆಕೆಗೆ ಕೂಲಿ ತಪ್ಪುತ್ತಿತ್ತು, ಅಷ್ಟೇ.

ಈ ನಡುವೆ ರೋಗ ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಗಡಿ ದಾಟಿತು. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೆ ಬಂತು. ಅಲ್ಲಿಂದ ವಯನಾಡು, ನೀಲಗಿರಿ. 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗ. ಉದ್ದಕ್ಕೂ ಅದೇ ಪಶ್ಚಿಮ ಘಟ್ಟ, ಅದೇ ಕಾಡಂಚು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾಲು ಸಾವುಗಳಾದಾಗ ರಾಜ್ಯವೆಲ್ಲ ಒಮ್ಮೆ ತಿರುಗಿ ನೋಡಿತು.

ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಕೂಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಅಪಾಯದ ನಕ್ಷೆ ಬರೆಯಿತು. ದಟ್ಟ ಕಾಡಿನ ನಟ್ಟನಡುವೆ ಅಲ್ಲ, ಹಸಿರು ಕಾಡು, ತೋಟ, ಗದ್ದೆ, ದನ ಎಲ್ಲ ಒಂದರೊಳಗೊಂದು ಹೆಣೆದುಕೊಂಡ ಕಡೆ ಅಪಾಯ ಹೆಚ್ಚು ಎಂಬುದು ಅದರಲ್ಲಿ ಕಂಡದ್ದು. ಬೊಷೆಲ್ ಹೇಳಿ ಆಗಲೇ ಅರ್ಧ ಶತಮಾನ ಕಳೆದಿತ್ತು. ಬೆಂಗಳೂರು, ಶಿವಮೊಗ್ಗಗಳಲ್ಲಿ ಆರೋಗ್ಯ ಇಲಾಖೆಗೂ ಪಶುವೈದ್ಯ ಇಲಾಖೆಗೂ ಅರಣ್ಯ ಇಲಾಖೆಗೂ ಬೇರೆ ಬೇರೆ ಕಡತ. ಉಣುಗಿನ ಬದುಕೋ ಮೂರರಲ್ಲೂ ಹರಿದಾಡುತ್ತದೆ. ದನದ ಮೈಯ ಉಣುಗು ಕಳೆಯುವ ಕೆಲಸ ಜ್ವರದ ಲೆಕ್ಕಕ್ಕೆ ಬರಲು ಇಷ್ಟು ಕಾಲ ಹಿಡಿದದ್ದಕ್ಕೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಹಳೆಯ ಲಸಿಕೆಯ ಸತ್ವ ಕುಗ್ಗಿದ್ದು ಪರೀಕ್ಷೆಗಳಲ್ಲಿ ಕಂಡ ಮೇಲೆ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸದನ್ನು ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿಯೂ ಸೇರಿ ರೂಪಿಸುತ್ತಿವೆ. ಈ ಜ್ವರಕ್ಕೆಂದೇ ಮಾಡಿದ ಔಷಧಿ ಇಲ್ಲ. ಬೇಗ ಆಸ್ಪತ್ರೆ ಸೇರಿ ನೀರಿನಂಶ, ರಕ್ತದ ಕಣಗಳನ್ನು ಕಾಯ್ದುಕೊಂಡರೆ ಹೆಚ್ಚಿನವರು ಉಳಿಯುತ್ತಾರೆ. ನೂರರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ.

ಹೊಸ ಲಸಿಕೆ ಬರುವತನಕ ಕಾಡಿಗೆ ಹೋಗುವವರ ಕೈಯಲ್ಲಿರುವುದು ಆಶಾ ಕಾರ್ಯಕರ್ತೆ ತಂದುಕೊಡುವ ಒಂದು ಬಾಟಲಿ ದೀಪಾ ತೈಲ. ಮೊಣಕೈಯವರೆಗೆ, ಮೊಣಕಾಲಿನವರೆಗೆ ಹಚ್ಚಿಕೊಂಡರೆ ಕೆಲವು ತಾಸು ಉಣುಗು ಹತ್ತುವುದಿಲ್ಲ. ದರಕು ಗುಡಿಸುವ ಕೆಲಸ ಬೆಳಗಿನಿಂದ ಸಂಜೆಯತನಕ.