ಒಂದೇ ಡೋರ್ ನಂಬರು, ಎರಡು ಕಂಪ್ಯೂಟರು

ನಮ್ಮ ಮನೆಯ ಇಂಟರ್‌ನೆಟ್ ಕೇಬಲ್ಲು ಎದುರಿನ ಹೊಂಗೆ ಮರದಿಂದ ಮಹಡಿಯ ಗ್ರಿಲ್ಲಿಗೆ ಹಾದು, ಕಿಟಕಿಯ ಮೂಲೆಯಲ್ಲಿ ಕೊರೆದ ತೂತಿನ ಮೂಲಕ ಹಜಾರದ ಮೋಡೆಮ್ಮಿಗೆ ಇಳಿದಿದೆ. ಎಳೆ ಒಂದೇ. ಮೋಡೆಮ್ಮಿನ ಪಕ್ಕದ ರೌಟರಿನಿಂದ ಕೆಳಗಿನ ಕೋಣೆಯ ನನ್ನ ವಿಂಡೋಸ್ ಲ್ಯಾಪ್‌ಟಾಪಿಗೂ ಮಹಡಿಯ ಮೇಲಿನ ಮಗಳ ಲಿನಕ್ಸ್ ಡೆಸ್ಕ್‌ಟಾಪಿಗೂ ಸಂಪರ್ಕ ಹೋಗುತ್ತದೆ. ನೀರಿನ ಪೈಪಿಗೆ ಕವಲು ಹಾಕಿ ಎರಡು ನಲ್ಲಿ ಮಾಡಿಕೊಂಡ ಹಾಗೆ ಇದೂ ಎಂದು ನಾನು ಬಹುಕಾಲ ಅಂದುಕೊಂಡಿದ್ದೆ. ಆದರೆ ನೀರು ಯಾವ ನಲ್ಲಿಯಲ್ಲಿ ಬಂದರೂ ನೀರೇ. ಇಂಟರ್‌ನೆಟ್ಟಿನಲ್ಲಿ ಬರುವ ಒಂದೊಂದು ತುಣುಕೂ ಅದನ್ನು ಕೇಳಿದ ಕಂಪ್ಯೂಟರಿಗೇ ತಲುಪಬೇಕು.

ತಲುಪಬೇಕಾದರೆ ವಿಳಾಸ ಬೇಕು. 1981ರಲ್ಲಿ ಗೊತ್ತುಮಾಡಿದ, ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಐಪಿ ವಿಳಾಸದ ಉದ್ದ 32 ಬಿಟ್, ಎಂದರೆ 0 ಅಥವಾ 1 ಬರೆಯುವ 32 ಸ್ಥಾನಗಳು. ಅಂದರೆ ಒಟ್ಟು ವಿಳಾಸಗಳು ಸುಮಾರು 429 ಕೋಟಿ ಮಾತ್ರ. ಪ್ರಪಂಚಕ್ಕೆಲ್ಲ ಹಂಚುವ ಕೇಂದ್ರ ಉಗ್ರಾಣದಲ್ಲಿದ್ದ ಕೊನೆಯ ಕಂತುಗಳು 2011ರ ಫೆಬ್ರವರಿಯಲ್ಲಿ ಮುಗಿದುಹೋದವು. ಹೀಗಾದೀತೆಂಬುದು ಎಂಜಿನಿಯರುಗಳಿಗೆ ಬಹಳ ಮೊದಲೇ ತಿಳಿದಿತ್ತು. 1994ರಲ್ಲೇ ಅವರು ಮುಂದಿಟ್ಟ ಉಪಾಯವೊಂದು ನಮ್ಮ ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ವಠಾರಗಳನ್ನು ನೆನಪಿಸುತ್ತದೆ. ವಠಾರದಲ್ಲಿ ಏಳೆಂಟು ಸಂಸಾರಗಳಿದ್ದರೂ ರಸ್ತೆಗೆ ಕಾಣುವ ಡೋರ್ ನಂಬರು ಒಂದೇ. ಹಾಗೆಯೇ ಮನೆಗೊಂದು ಸಾರ್ವಜನಿಕ ವಿಳಾಸವಿದ್ದರೆ ಸಾಕು, ಒಳಗಿನ ಯಂತ್ರಗಳಿಗೆ ರೌಟರ್ ತಾನೇ ಒಳನಂಬರು ಕೊಟ್ಟುಕೊಳ್ಳಬಹುದು. 192.168 ಎಂದು ಆರಂಭವಾಗುವ ಸಂಖ್ಯೆಗಳನ್ನು ಇದಕ್ಕೆಂದೇ ಮೀಸಲಿಡಲಾಗಿದೆ. ನನ್ನ ಲ್ಯಾಪ್‌ಟಾಪಿನ ನಂಬರು 192.168.1.5. ಮಲ್ಲೇಶ್ವರದ ಇನ್ಯಾವುದೋ ಮನೆಯ ಕಂಪ್ಯೂಟರಿಗೂ ಅದೇ ಇರಬಹುದು; ಆ ನಂಬರು ಬೀದಿಗೆ ಇಳಿಯುವುದೇ ಇಲ್ಲವಾದ್ದರಿಂದ ಗೊಂದಲವಿಲ್ಲ.

ಆದರೆ ವಠಾರದ ಅಂಚೆಯವನು ಲಕೋಟೆಯ ಮೇಲಿನ ಹೆಸರು ನೋಡಿ ಕೂಗುತ್ತಿದ್ದ. ಇಲ್ಲಿ ಹೆಸರಿಲ್ಲ. ಅದರ ಬದಲು ಲಕೋಟೆಯ ಮೇಲೆ ಪೋರ್ಟ್ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ, 0ಯಿಂದ 65,535ರವರೆಗೆ ಯಾವುದಾದರೂ ಒಂದು. ನಾನೂ ಮಗಳೂ ಏಕಕಾಲಕ್ಕೆ ಕನ್ನಡ ವಿಕಿಪೀಡಿಯ ತೆರೆದೆವೆನ್ನಿ. ನನ್ನ ಲ್ಯಾಪ್‌ಟಾಪ್ 51000ನೇ ಪೋರ್ಟಿನಿಂದ ಕೋರಿಕೆ ಕಳಿಸುತ್ತದೆ. ಕಾಕತಾಳೀಯವಾಗಿ ಅವಳ ಡೆಸ್ಕ್‌ಟಾಪೂ ಅದೇ ಪೋರ್ಟನ್ನು ಆರಿಸಿಕೊಂಡಿದೆ. ರೌಟರ್ ಎರಡೂ ಲಕೋಟೆಗಳ ಮೇಲಿನ ಒಳನಂಬರನ್ನು ಅಳಿಸಿ ಮನೆಯ ಸಾರ್ವಜನಿಕ ವಿಳಾಸವನ್ನು ಬರೆಯುತ್ತದೆ, ನನ್ನದರ ಪೋರ್ಟನ್ನು 51000 ಎಂದೇ ಉಳಿಸಿ ಅವಳದನ್ನು 51001 ಎಂದು ತಿದ್ದುತ್ತದೆ, ತಿದ್ದಿದ್ದನ್ನು ತನ್ನ ನೆನಪಿನ ಕೋಷ್ಟಕದಲ್ಲಿ ಒಂದೊಂದು ಸಾಲಾಗಿ ಗುರುತುಹಾಕಿಕೊಳ್ಳುತ್ತದೆ. ಉತ್ತರ 51001ಕ್ಕೆ ಬಂದರೆ ಕೋಷ್ಟಕ ನೋಡಿ, ಹಳೆಯ ಸಂಖ್ಯೆಗಳನ್ನು ಮರಳಿ ಬರೆದು ಮಹಡಿಗೆ ಕಳಿಸುತ್ತದೆ. ಒಂದು ವಿಂಡೋಸ್, ಇನ್ನೊಂದು ಲಿನಕ್ಸ್ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಲಕೋಟೆಯ ನಮೂನೆ ಇಬ್ಬರಿಗೂ ಒಂದೇ. ಈ ಕೆಲಸವನ್ನು ಕಂಪ್ಯೂಟರೂ ಮಾಡಬಲ್ಲದು: 1999ರ ವಿಂಡೋಸ್ 98 ಎರಡನೇ ಆವೃತ್ತಿಯಲ್ಲೇ ಈ ಸೌಲಭ್ಯವಿತ್ತು, ಆ ಕೆಲಸ ಮಾಡುವ ಕಂಪ್ಯೂಟರನ್ನು ಆಫ್ ಮಾಡಿದರೆ ಎರಡನೆಯದಕ್ಕೂ ಇಂಟರ್‌ನೆಟ್ ಇಲ್ಲವಾಗುತ್ತಿತ್ತು ಅಷ್ಟೆ.

ಕೋಷ್ಟಕದಲ್ಲಿ ಸಾಲಿಲ್ಲದ ಲಕೋಟೆ, ಅಂದರೆ ಒಳಗಿನವರು ಯಾರೂ ಕೇಳದೆ ತಾನಾಗಿ ಬಂದದ್ದು, ಸಾಮಾನ್ಯವಾಗಿ ಬಾಗಿಲಲ್ಲೇ ಬಿದ್ದುಹೋಗುತ್ತದೆ. ಇದರಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆ, ಆದರೆ ಅದನ್ನೇ ಕೋಟೆಯೆಂದು ನಂಬಬಾರದು. ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೇರವಾಗಿ ನೋಡಬೇಕೆನ್ನುವವರು ರೌಟರಿನಲ್ಲಿ ಇಂಥ ಪೋರ್ಟಿಗೆ ಬಂದದ್ದು ಇಂಥ ಒಳನಂಬರಿಗೆ ಎಂದು ಮೊದಲೇ ಬರೆದಿಡಬೇಕಾಗುತ್ತದೆ. ಬರೆದಿಟ್ಟರೂ ಫಲಿಸದಿದ್ದರೆ ರೌಟರಿಗೆ ಹೊರಗಿನಿಂದ ಸಿಕ್ಕಿರುವ ವಿಳಾಸವನ್ನು ನೋಡಿ. ಅದರ ಮೊದಲೆರಡು ಸಂಖ್ಯೆಗಳು 100.64ರಿಂದ 100.127ರೊಳಗೆ ಇದ್ದರೆ ನಿಮ್ಮ ವಠಾರವೇ ಇಂಟರ್‌ನೆಟ್ ಕೊಡುವ ಕಂಪನಿಯ ದೊಡ್ಡ ವಠಾರದೊಳಗಿದೆ ಎಂದರ್ಥ, ಆ ದೊಡ್ಡ ಬಾಗಿಲಿನ ಕೋಷ್ಟಕ ನಿಮ್ಮ ಕೈಯಲ್ಲಿಲ್ಲ.

ವಿಳಾಸದ ಸಮಸ್ಯೆ ಹೀಗೆ ಬಗೆಹರಿದರೂ ಮನೆಯಲ್ಲಿ ಜಗಳವಾಗುವುದು ವೇಗಕ್ಕೆ. ನಮ್ಮದು 40 ಎಂಬಿಪಿಎಸ್ ಸಂಪರ್ಕ, ಅಂದರೆ ಸೆಕೆಂಡಿಗೆ 40 ಮೆಗಾಬಿಟ್; ಎಂಟು ಬಿಟ್ಟಿಗೊಂದು ಬೈಟಿನಂತೆ ಸೆಕೆಂಡಿಗೆ 5 ಮೆಗಾಬೈಟ್. ಇಬ್ಬರಿದ್ದೇವೆಂದು ಅದು ತಲಾ 20ರಂತೆ ಸೀಳಿಕೊಳ್ಳುವುದಿಲ್ಲ. ಒಬ್ಬರು ಸುಮ್ಮನಿದ್ದರೆ ಇನ್ನೊಬ್ಬರಿಗೆ ಪೂರ್ತಿ ಸಿಗುತ್ತದೆ. ಇಬ್ಬರೂ ಡೌನ್‌ಲೋಡ್ ಮಾಡುವಾಗ ಹಂಚಿಕೆಯಾಗುವುದು ಸರಿಸುಮಾರು ಸಂಪರ್ಕದ ಎಳೆಗಳ (ಕೇಬಲ್ಲಲ್ಲ, ಕಂಪ್ಯೂಟರ್ ಒಂದೊಂದಾಗಿ ತೆರೆಯುವ ಬಿಡಿ ಸಂಪರ್ಕಗಳ) ಲೆಕ್ಕದಲ್ಲೇ ಹೊರತು ತಲೆಗಳ ಲೆಕ್ಕದಲ್ಲಲ್ಲ. ಅವಳ ಕಂಪ್ಯೂಟರ್ ನಾಲ್ಕು ಎಳೆ ತೆರೆದು ನಾನು ಒಂದನ್ನೇ ತೆರೆದಿದ್ದರೆ ಅವಳಿಗೆ 32, ನನಗೆ 8. ಇದರಲ್ಲಿ ನ್ಯಾಯ ಹುಡುಕುವುದು ವ್ಯರ್ಥ.

ಇದಕ್ಕಿಂತ ಕಾಡಿದ್ದು ಅಪ್‌ಲೋಡ್. ಅವಳು ತನ್ನ ಪ್ರಾಜೆಕ್ಟಿನ ವಿಡಿಯೊ ಕಳಿಸತೊಡಗಿದೊಡನೆ ಕಚೇರಿಯ ಮೀಟಿಂಗಿನಲ್ಲಿ ನನ್ನ ಧ್ವನಿ ತುಂಡಾಗುತ್ತಿತ್ತು. ನಮ್ಮ ಪ್ಲಾನಿನಲ್ಲಿ ಅಪ್‌ಲೋಡಿಗಿರುವುದು 4 ಎಂಬಿಪಿಎಸ್. ಮೋಡೆಮ್ಮಿನ ಸರತಿ ಸಾಲಿನಲ್ಲಿ 1 ಮೆಗಾಬೈಟಿನಷ್ಟು ತುಣುಕುಗಳು ಜಮಾಯಿಸಿದರೆ, ಅಂದರೆ 8 ಮೆಗಾಬಿಟ್, ಅವು ಹೊರಬೀಳಲು 2 ಸೆಕೆಂಡು ಬೇಕು. ನನ್ನ ಮಾತಿನ ಚಿಕ್ಕ ತುಣುಕಿಗೆ, ತಿಂಗಳ ಸಾಮಾನಿನ ಚೀಟಿ ಹಿಡಿದವರ ಹಿಂದೆ ಬೆಂಕಿಪೊಟ್ಟಣಕ್ಕೆ ನಿಂತವನ ಪಾಡು. ಹೆಚ್ಚಿನ ಪ್ಲಾನು ಕೊಳ್ಳುವ ಮೊದಲು ನಾನು ಮಾಡಿದ್ದು ಇಷ್ಟೆ: ರೌಟರಿನ ಸೆಟ್ಟಿಂಗಿನಲ್ಲಿ ಒಟ್ಟು ಅಪ್‌ಲೋಡಿಗೆ 3.6ರ ಮಿತಿ ಹಾಕಿ, ಸರತಿಯನ್ನು ಎಳೆವಾರು ಬಿಡಿಸುವ ಆಯ್ಕೆಯನ್ನು ಒತ್ತಿದೆ. ಈಗ ಸಾಲು ಕಟ್ಟುವುದು ಮೋಡೆಮ್ಮಿನಲ್ಲಲ್ಲ, ರೌಟರಿನಲ್ಲಿ. ಅಲ್ಲಿ ಚಿಕ್ಕ ತುಣುಕುಗಳಿಗೆ ಬೇಗ ಪಾಳಿ ಬರುತ್ತದೆ. ಅವಳ ವಿಡಿಯೊ ಹೋಗಲು ಮೊದಲಿಗಿಂತ ಹತ್ತರಲ್ಲೊಂದು ಪಾಲಿಗೆ ತುಸು ಹೆಚ್ಚು ಹೊತ್ತು ಹಿಡಿಯುತ್ತಿದೆ, ಅವಳಿನ್ನೂ ಗಮನಿಸಿಲ್ಲ.