ಗಟ್ಟಿ ಹಾಸಿಗೆ ಬೆನ್ನಿಗೆ ಒಳ್ಳೇದು ಅಂದೋರ್ಯಾರು?

ಹೋದ ತಿಂಗಳು ಅಮ್ಮನ್ನ ಕರ್ಕೊಂಡು ಹಾಸಿಗೆ ತಗೊಳ್ಳೋಕೆ ಹೋಗಿದ್ದೆ. ಅಂಗಡೀಲಿ ಅಮ್ಮ ಮಾಡಿದ್ದು ಎಲ್ರೂ ಮಾಡೋದೇ, ಸೆರಗು ಸಿಕ್ಕಿಸ್ಕೊಂಡು ಒಂದೊಂದು ಹಾಸಿಗೇನೂ ಅಂಗೈಯಿಂದ ಒತ್ತಿ ಒತ್ತಿ ನೋಡಿದ್ರು, ಸಂತೇಲಿ ಹಲಸಿನ ಹಣ್ಣು ಒತ್ತಿ ನೋಡ್ತಾರಲ್ಲ ಹಾಗೆ. ಎಷ್ಟು ಒತ್ತಿದ್ರೂ ಒಳಗೆ ಹೋಗದೇ ಇದ್ದಿದ್ದರ ಹತ್ರ ಬಂದು ನಿಂತು "ಇದು ಗಟ್ಟಿ ಇದೆ, ಬೆನ್ನಿಗೆ ಒಳ್ಳೇದು" ಅಂದ್ರು. ಸೇಲ್ಸ್ ಹುಡುಗ ತಕ್ಷಣ "ಹೌದು ಆಂಟಿ, ಇದು ಆರ್ಥೋ, 40 ಡೆನ್ಸಿಟಿ" ಅಂದ. ನಂಗೆ ಅಲ್ಲೇ ಅರ್ಧ ಗಂಟೆ ಭಾಷಣ ಬಿಗೀಬೇಕು ಅನ್ನಿಸ್ತು, ಅಮ್ಮ ಕಣ್ಣಲ್ಲೇ ಗದರಿದ್ರು, ಹಾಗಾಗಿ ಆ ಭಾಷಣ ಇಲ್ಲಿ.

ಮೊದಲು ಈ ಗಟ್ಟಿ ವಿಷಯ ಮುಗಿಸಿಬಿಡೋಣ. ಬೆನ್ನು ನೋವು ಅಂತ ಹೋದವರಿಗೆ ಡಾಕ್ಟರ್‌ಗಳೇ ಎಷ್ಟೋ ವರ್ಷ "ಹಲಗೆ ಮೇಲೆ ಮಲಗಿ, ನೆಲದ ಮೇಲೆ ಮಲಗಿ" ಅಂತ ಕಳಿಸ್ತಿದ್ರು. ಅದನ್ನ ಸರಿಯಾಗಿ ಪರೀಕ್ಷೆ ಮಾಡಿದ್ದು ಸ್ಪೇನಲ್ಲಿ, 2003ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. ಹಳೇ ಸೊಂಟ ನೋವಿರೋ 313 ಜನಕ್ಕೆ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿ ಹಾಸಿಗೆ ಕೊಟ್ಟು, ಯಾರಿಗೆ ಯಾವ್ದು ಬಂದಿದೆ ಅಂತ ಹೇಳದೇ 90 ದಿನ ಮಲಗಿಸಿದ್ರು. 1 ಅಂದ್ರೆ ಕಲ್ಲು, 10 ಅಂದ್ರೆ ಬೆಣ್ಣೆ ಅಂತ ಒಂದು ಅಳತೆ ಇಟ್ಕೊಂಡ್ರೆ ಗಟ್ಟಿ ಹಾಸಿಗೆ 2.3, ಮಧ್ಯಮದ್ದು 5.6. ಮಲಗಿದ್ದಾಗಿನ ನೋವು, ಬೆಳಿಗ್ಗೆ ಏಳುವಾಗಿನ ನೋವು, ದಿನದ ಕೆಲಸಕ್ಕಾಗೋ ತೊಂದರೆ, ಮೂರರಲ್ಲೂ ಮಧ್ಯಮದವರೇ ಆರಾಮಾಗಿದ್ರು. ಇದಾಗಿ ಇಪ್ಪತ್ತು ವರ್ಷದ ಮೇಲಾಯ್ತು, ನಮ್ಮ ಅಂಗಡಿಗಳಿಗೆ ಸುದ್ದಿ ಇನ್ನೂ ತಲುಪಿಲ್ಲ. "ಆರ್ಥೋ" ಅಂತ ಪ್ರಿಂಟ್ ಹಾಕೋಕೆ ಯಾವ ಮೂಳೆ ಡಾಕ್ಟರ್ ಸಹಿನೂ ಬೇಕಾಗಿಲ್ಲ ಅನ್ನೋದು ನೆನಪಿರ್ಲಿ.

ಯಾಕೆ ಹೀಗೆ? ಇದೇ ನಂಗೆ ಇಷ್ಟವಾದ ಭಾಗ. ಮನುಷ್ಯ ಹಲಗೆ ಅಲ್ಲ ಸ್ವಾಮಿ, ಬಿಂದಿಗೆ. ದುಂಡು ತಳದ ಬಿಂದಿಗೇನ ಸಿಮೆಂಟ್ ನೆಲದ ಮೇಲಿಟ್ರೆ ಅದರ ಇಡೀ ಭಾರ ನಾಕಾಣೆ ಅಗಲದ ಒಂದು ಜಾಗದ ಮೇಲೆ ಕೂರತ್ತೆ, ಅದನ್ನೇ ಸಿಂಬೆ ಮೇಲಿಟ್ರೆ ಭಾರ ಸುತ್ತಲೂ ಹಂಚಿಹೋಗತ್ತೆ. ತಲೆ ಮೇಲೆ ನೀರು ಹೊತ್ತಿರೋ ಯಾವ ಹೆಂಗಸಿಗೂ ಇದನ್ನ ಯಾರೂ ಹೇಳ್ಕೊಡಬೇಕಾಗಿಲ್ಲ. ಗದ್ದೆ ಕೆಸರಲ್ಲಿ ಬರಿಗಾಲಲ್ಲಿ ನಿಂತ್ರೆ ಮೊಣಕಾಲವರೆಗೆ ಹೂತುಹೋಗ್ತೀರ, ಒಂದು ಹಲಗೆ ಹಾಕ್ಕೊಂಡು ನಿಂತ್ರೆ ಮೇಲೇ ಇರ್ತೀರ, ತೂಕ ಅದೇ, ಜಾಗ ಮಾತ್ರ ಜಾಸ್ತಿ. ಈಗ ಮಗ್ಗುಲಾಗಿ ಮಲಗಿರೋ ಮನುಷ್ಯನ್ನ ನೋಡಿ. ಭುಜ ಒಂದು ಗುಡ್ಡ, ಸೊಂಟದ ಮೂಳೆ ಇನ್ನೊಂದು ಗುಡ್ಡ, ನಡು ಮಧ್ಯದ ಕಣಿವೆ. ಗಟ್ಟಿ ನೆಲದ ಮೇಲೆ ಎರಡು ಗುಡ್ಡ ಮಾತ್ರ ತಾಗತ್ತೆ, ಕಣಿವೆ ಗಾಳೀಲಿ ನೇತಾಡ್ತಿರತ್ತೆ, ಎರಡು ಕಂಬದ ಮೇಲೆ ಹಾಕಿರೋ ಬಿದಿರಿನ ಸೇತುವೆ ಥರ, ರಾತ್ರಿ ಇಡೀ.

ಲೆಕ್ಕಕ್ಕೆ ಅಂತ ಹಿಡ್ಕೊಳ್ಳಿ, 60 ಕೆಜಿ ಮನುಷ್ಯ, ನೆಲಕ್ಕೆ ತಾಗೋದು 1,000 ಚದರ ಸೆಂಟಿಮೀಟರ್. ಒಂದೊಂದು ಚದರ ಸೆಂಟಿಮೀಟರ್ ಮೇಲೆ 60 ಗ್ರಾಂ, ಬಿಪಿ ಮಿಷಿನ್ ಭಾಷೇಲಿ ಸುಮಾರು 44. ಒಳ್ಳೇ ಹಾಸಿಗೆ ಮೈಗೆ ಹೊಂದ್ಕೊಂಡು 4,000 ಚದರ ಸೆಂಟಿಮೀಟರ್ ತಾಗಿದ್ರೆ ಅದು 11ಕ್ಕೆ ಇಳಿಯತ್ತೆ. ಈ ನಂಬರ್ ಯಾಕೆ ಮುಖ್ಯ ಅಂದ್ರೆ, 1930ರಲ್ಲಿ ಲ್ಯಾಂಡಿಸ್ ಅನ್ನೋ ವಿಜ್ಞಾನಿ ಕೂದಲಿಗಿಂತ ಸಣ್ಣ ಗಾಜಿನ ಕೊಳವೇನ ಉಗುರಿನ ಬುಡದ ಚರ್ಮದ ಪುಟ್ಟ ರಕ್ತನಾಳಗಳಿಗೆ ಚುಚ್ಚಿ ಒಳಗಿನ ಒತ್ತಡ ಅಳೆದ (ಆ ಕೈ ಎಷ್ಟು ಸ್ಥಿರವಾಗಿರ್ಬೇಕು ಯೋಚನೆ ಮಾಡಿ), ರಕ್ತ ಒಳಗೆ ಬರೋ ತುದೀಲಿ ಅದು ಸರಾಸರಿ 32. ಹೊರಗಿನಿಂದ ಅದಕ್ಕಿಂತ ಜೋರಾಗಿ ಒತ್ತಿದ್ರೆ ನಾಳ ಮುಚ್ಕೊಳ್ಳೋಕೆ ಶುರು, ಗಿಡಕ್ಕೆ ನೀರು ಬಿಡೋ ಪೈಪ್ ಮೇಲೆ ಕಾಲಿಟ್ಟ ಹಾಗೆ. ಆ ಜಾಗಕ್ಕೆ ರಕ್ತ ಸಾಲದು, ನರಗಳು ಕಿರಿಕಿರಿ ಅಂತ ಸಂದೇಶ ಕಳಿಸ್ತವೆ, ನಾವು ನಿದ್ದೇಲೇ ಹೊರಳ್ತೀವಿ. ಹೊರಳೋದು ತಪ್ಪಲ್ಲ, ಬೇಕೇ ಬೇಕು. ಲಕ್ವ ಹೊಡೆದು ಹೊರಳೋಕಾಗದೆ ಮಲಗಿದವರಿಗೆ ಹಾಸಿಗೆ ಹುಣ್ಣು ಆಗೋದು ಇದಕ್ಕೇ, ನರ್ಸ್‌ಗಳು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸೋದೂ ಇದಕ್ಕೇ. ಆದ್ರೆ ಹಾಸಿಗೆ ಕೆಟ್ಟದಾಗಿದ್ರೆ ಹೊರಳೋದು ಹೆಚ್ಚಾಗಿ ನಿದ್ದೆ ಒಡೆದೊಡೆದು ಬರತ್ತೆ, ಬೆಳಿಗ್ಗೆ ಎದ್ದಾಗ ರಾತ್ರಿಯೆಲ್ಲ ಮೂಟೆ ಹೊತ್ತ ಹಾಗಿರತ್ತೆ.

ಇದೇ ಲೆಕ್ಕ ಮೊಳೆ ಹಾಸಿಗೆಗೂ. ಜಾತ್ರೇಲಿ ಒಬ್ಬ ಸ್ವಾಮಿ ಮೊಳೆ ಮೇಲೆ ಮಲಗಿದ ತಕ್ಷಣ ಜನ ಕೈ ಮುಗಿದು ಕಾಣಿಕೆ ಹಾಕ್ತಾರೆ. ಒಂದು ಮೊಳೆ ಮೇಲೆ ಮಲಗಿದ್ರೆ ನಾನೂ ಕೈ ಮುಗೀತೀನಿ. ಸಾವಿರ ಮೊಳೆ ಇದ್ರೆ 60 ಕೆಜಿ ಹಂಚಿ ಒಂದೊಂದು ಮೊಳೆ ಪಾಲಿಗೆ ಬರೋದು 60 ಗ್ರಾಂ, ಹೆಚ್ಚುಕಮ್ಮಿ ಒಂದು ಮೊಟ್ಟೆ ತೂಕ. ಪವಾಡ ಇಲ್ಲ, ಭಾಗಾಕಾರ ಇದೆ. (ಮನೇಲಿ ಪ್ರಯತ್ನ ಮಾಡ್ಬೇಡಿ, ಮಲಗೋದಲ್ಲ ಕಷ್ಟ, ಏಳೋದು. ಏಳುವಾಗ ಇಡೀ ಭಾರ ನಾಲ್ಕೇ ನಾಲ್ಕು ಮೊಳೆ ಮೇಲೆ ಬರತ್ತೆ.) ಎಚ್. ನರಸಿಂಹಯ್ಯನವರು ಫಿಸಿಕ್ಸ್ ಮೇಷ್ಟ್ರು, 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿನೇ ಮಾಡಿದ್ರು, ಆಗ ಎಷ್ಟು ಗಲಾಟೆ ಆಯ್ತು ಅಂದ್ರೆ ಪ್ರಶ್ನೆ ಕೇಳೋದೇ ಅಪರಾಧ ಅನ್ನೋ ಹಾಗೆ. ಮೊಳೆ ಅಂದಾಗ ಶರಶಯ್ಯೆ ನೆನಪಾಗದೇ ಇರತ್ತಾ. ಭೀಷ್ಮ ಬಾಣಗಳ ಮೇಲೆ ಮಲಗಿದ, ಮೈಗೆಲ್ಲ ಆಸರೆ ಇತ್ತು, ತಲೆ ಮಾತ್ರ ಜೋತು ಬಿದ್ದಿತ್ತು. ರಾಜರೆಲ್ಲ ಮೆತ್ತನೆ ದಿಂಬು ತಂದ್ರೆ ಬೇಡ ಅಂದ, ಅರ್ಜುನ ಮೂರು ಬಾಣ ಹೊಡೆದು ಕತ್ತು ನೆಟ್ಟಗಾಗೋ ಎತ್ತರಕ್ಕೆ ಆಸರೆ ಕೊಟ್ಟ. ದಿಂಬಿನ ಬಗ್ಗೆ ನಾನು ಹೇಳೋದೂ ಅಷ್ಟೇ, ಮೆತ್ತಗಿರೋದಲ್ಲ, ಎತ್ತರ ಸರಿ ಇರ್ಬೇಕು.

ಹಾಗಂತ ಮೆತ್ತಗಿದ್ದಷ್ಟೂ ಒಳ್ಳೇದು ಅಂತ ತೀರ್ಮಾನಕ್ಕೆ ಬರ್ಬೇಡಿ. ತೀರಾ ಮೆತ್ತಗಿದ್ರೆ ಸೊಂಟ ಹೂತುಹೋಗಿ ಬೆನ್ನು ಜೋಲಿ ಆಗತ್ತೆ. ಗುಡ್ಡ ಇರೋ ಕಡೆ ಜಾಗ ಬಿಟ್ಟುಕೊಡಬೇಕು, ಕಣಿವೆ ಇರೋ ಕಡೆ ಮೇಲೆ ಬಂದು ಹಿಡ್ಕೋಬೇಕು, ಆ ಹದ ನಿಮ್ಮ ತೂಕದ ಮೇಲೆ ಹೋಗತ್ತೆ. 45 ಕೆಜಿಯವರಿಗೆ ಕಲ್ಲಾಗಿರೋ ಹಾಸಿಗೆ 95 ಕೆಜಿಯವರಿಗೆ ಹೂಳು. ಗಂಡ ಹೆಂಡತಿ ಒಂದೇ ಹಾಸಿಗೆ ಬಗ್ಗೆ ಜಗಳ ಆಡೋದ್ರಲ್ಲಿ ಇಬ್ರೂ ಸರಿಯಿರ್ತಾರೆ.

ಈ ಹದ ನಮ್ಮ ಹಳೇ ಹೊರಸಲ್ಲಿತ್ತು. ನಮ್ಮ ತಿಪಟೂರು ಕಡೆ ಕಮ್ಮಿ, ನನ್ನ ಹೆಂಡ್ತಿ ತವರು ಸೇಡಂ ಕಡೆ, ಅಲ್ಲಿ ನೋಡಿದ್ದು. ಮುಕ್ಕಾಲು ಭಾಗ ಹಗ್ಗದ ನೇಯ್ಗೆ, ಕಾಲಿನ ಕಡೆ ಮಾತ್ರ ಉದ್ದುದ್ದ ಬಿಗಿ ಹಗ್ಗ, ಜೋತು ಬಿದ್ರೆ ಮಾವ ಕಾಲು ಕೊಟ್ಟು ಎಳೆದು ಬಿಗಿ ಮಾಡ್ತಾರೆ, ತಬಲಾ ಶ್ರುತಿ ಮಾಡಿದ ಹಾಗೆ. ಈಗ ರಿಮೋಟ್ ಇರೋ ಹಾಸಿಗೆಗೆ ಲಕ್ಷಗಟ್ಟಲೆ ಕೇಳ್ತಾರೆ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತಾ, ನಮ್ಮ ಹೊನ್ನಾವರಕ್ಕೂ ಬಂದುಹೋದವನು, ಹಿಂದೂಸ್ತಾನದ ಮಂಚ ತುಂಬ ಹಗುರ, ಒಬ್ಬನೇ ಹೊರಬಹುದು, ಪಟ್ಟಿ ನೇಯ್ದಿರ್ತಾರೆ, ಮಲಗಿದ್ರೆ ಬೇರೆ ಮೆತ್ತೆ ಏನೂ ಬೇಡ ಅಂತ ಬರೆದಿದ್ದಾನೆ.

ಈಗ ಮೆಮೊರಿ ಫೋಮ್. ಇದನ್ನ "ನಾಸಾ ಟೆಕ್ನಾಲಜಿ" ಅಂತ ಮಾರ್ತಾರೆ, ಅದು ಸುಳ್ಳಲ್ಲ, 1966ರಲ್ಲಿ ಚಾರ್ಲ್ಸ್ ಯೋಸ್ಟ್ ಅನ್ನೋರು ನಾಸಾಕ್ಕೋಸ್ಕರ ಮಾಡಿದ್ದು, ಆದ್ರೆ ವಿಮಾನದ ಸೀಟಿಗೆ, ಬೆಡ್‌ರೂಮಿಗಲ್ಲ. ಇದರ ಗುಟ್ಟು ಅರ್ಥ ಆಗ್ಬೇಕಂದ್ರೆ ಬೆಲ್ಲದ ಪಾಕ ನೋಡಿ. ಬಿಸಿ ಇದ್ದಾಗ ಹರಿಯತ್ತೆ, ಆರ್ತಾ ಬಂದ ಹಾಗೆ ಎಳೆ ಬರತ್ತೆ, ಪೂರ್ತಿ ಆರಿದ್ರೆ ಕಲ್ಲು. ಮೆಮೊರಿ ಫೋಮ್ ಕೂಡ ಅಂಥ ಪಾಕಾನೇ, ಅದು ಹದ ಬದಲಾಯಿಸೋ ಉಷ್ಣತೆ ರೂಮಿನ ಉಷ್ಣತೆ ಆಸುಪಾಸಲ್ಲಿ ಇರೋ ಹಾಗೆ ಮಾಡಿರ್ತಾರೆ. ಮೈ ಬಿಸಿ ತಾಗಿದ ಕಡೆ ಕರಗಿದ ಹಾಗೆ ನಿಧಾನಕ್ಕೆ ಜಾಗ ಬಿಡತ್ತೆ, ಒತ್ತಿದ ಅಂಗೈ ಅಚ್ಚು ಸ್ವಲ್ಪ ಹೊತ್ತು ಹಾಗೇ ಉಳಿಯತ್ತೆ. ಭಾರ ಹಂಚೋದ್ರಲ್ಲಿ ಇದನ್ನ ಮೀರಿಸೋದು ಕಷ್ಟ, ಒಪ್ತೀನಿ. ಆದ್ರೆ ಮಡಿಕೇರಿ ಡಿಸೆಂಬರಲ್ಲಿ ಅದು ಹಲಗೆ, ಕಲಬುರ್ಗಿ ಮೇನಲ್ಲಿ ಹಿಟ್ಟು. ಜೊತೆಗೆ ನಿದ್ದೆ ಹತ್ತೋವಾಗ ದೇಹ ಒಳಗಿನ ಬಿಸೀನ ಕೈ ಕಾಲು ಚರ್ಮದ ಮೂಲಕ ಹೊರಗೆ ಬಿಡತ್ತೆ, ರಾತ್ರಿ ಹೆಚ್ಚುಕಮ್ಮಿ ಒಂದು ಡಿಗ್ರಿ ಇಳಿಯತ್ತೆ, ಮೈ ಸುತ್ತ ಫೋಮ್ ತಬ್ಕೊಂಡಿದ್ರೆ ಆ ಬಿಸಿ ಹೋಗೋದೆಲ್ಲಿಗೆ. ಮಾವನಿಗೆ ಪ್ರೀತಿಯಿಂದ ಒಂದು ಮೆಮೊರಿ ಫೋಮ್ ಕಳಿಸಿದ್ವಿ, ಏಪ್ರಿಲಲ್ಲಿ ಫೋನ್ ಬಂತು, "ಅಳಿಯಂದ್ರ, ರಾತ್ರಿ ಎಲ್ಲ ಹಂಚಿನ ಮ್ಯಾಲಿನ ರೊಟ್ಟಿ ಆಗಿದ್ದೆ ನೋಡ್ರಿ ನಾ." ಆಮೇಲೆ ಮಾಳಿಗೆ ಮೇಲೆ ಹೊರಸು, ಅದರ ಮೇಲೊಂದು ಕೌದಿ. ಕೆಳಗಿಂದಾನೂ ಗಾಳಿ ಬರೋ ಹಾಸಿಗೆ ಅದೊಂದೇ.

ಹತ್ತಿ ಹಾಸಿಗೇಲೂ ಗಾಳಿ ಆಡತ್ತೆ, ತೊಂದರೆ ಅಂದ್ರೆ ಬೆವರು ಹೀರಿ ಎಳೆಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟತ್ತೆ. ಚಿಕ್ಕೋರಿದ್ದಾಗ ಬಿಲ್ಲಿನಂಥ ಸಾಮಾನು ಹೆಗಲಿಗೆ ಹಾಕ್ಕೊಂಡು ಪಿಂಜಾರರು ಬರೋರು, ತಂತಿ ಮೀಟಿದ್ರೆ ಟೊಂಯ್ ಟೊಂಯ್ ಅಂತ ಬೀದಿಗೆಲ್ಲ ಕೇಳೋದು, ಗಂಟು ಗಂಟು ಹತ್ತಿ ಮೋಡ ಆಗಿ ಜಗಲಿ ತುಂಬ ಹಾರೋದು. ಅವರು ಹಾಸಿಗೆಗೆ ತುಂಬ್ತಿದ್ದಿದ್ದು ಹತ್ತಿ ಅಲ್ಲ, ಗಾಳಿ. ತೆಂಗಿನ ನಾರಿನ ಹಾಸಿಗೇದೂ ಅದೇ ಉಪಾಯ, ನಾರನ್ನ ಹುರಿ ಹೊಸೆದು ಸುರುಳಿ ನಿಲ್ಲೋವರೆಗೆ ಬಿಟ್ಟು, ಬಿಚ್ಚಿ, ರಬ್ಬರ್ ಹಾಲು ಸಿಂಪಡಿಸಿ ಬೇಯಿಸ್ತಾರೆ, ಒಂದೊಂದು ನಾರೂ ಒಂದು ಸಣ್ಣ ಸ್ಪ್ರಿಂಗ್. ಗಾಳಿ ಚೆನ್ನಾಗಿ ಆಡತ್ತೆ, ಆದ್ರೆ ಗಟ್ಟಿ, ಮತ್ತೆ ಕೆಲವು ವರ್ಷಕ್ಕೆ ಸೊಂಟದ ಜಾಗ ಹಳ್ಳ ಬೀಳತ್ತೆ.

ಹಾಸಿಗೆ ಬಗ್ಗೆ ಬರೆದು ಉತ್ತರ ದಿಕ್ಕು ಬಿಟ್ರೆ ನಮ್ಮ ಚಿಕ್ಕಪ್ಪ ಬೇಜಾರು ಮಾಡ್ಕೋತಾರೆ. ಉತ್ತರಕ್ಕೆ ತಲೆ ಹಾಕಬಾರದು ಅಂತ ಅಜ್ಜಿ ಹೇಳಿದ್ರೆ ನಂಗೆ ಸಿಟ್ಟಿಲ್ಲ, ಗಣೇಶನ ತಲೆ ಕಥೆ ಇದೆ, ಸಂಪ್ರದಾಯ, ಸರಿ. ಸಿಟ್ಟು ಬರೋದು "ರಕ್ತದಲ್ಲಿ ಕಬ್ಬಿಣ ಇದೆ, ಭೂಮಿ ಅಯಸ್ಕಾಂತ ಎಳೆಯತ್ತೆ, ಸೈನ್ಸ್" ಅಂದಾಗ. ಮೈಯಲ್ಲಿ ಕಬ್ಬಿಣ ಇರೋದು 3-4 ಗ್ರಾಂ, ಅದೂ ಮೊಳೆ ಥರ ಇಲ್ಲ, ಅಣು ಅಣುವಾಗಿ ಪ್ರೋಟೀನ್‌ಗಳ ಒಳಗೆ ಕೂತಿದೆ. 1936ರಲ್ಲೇ ಪಾಲಿಂಗ್ ಮತ್ತು ಕೊರಿಯೆಲ್ ಅನ್ನೋ ವಿಜ್ಞಾನಿಗಳು ಅಳೆದು ನೋಡಿದ್ರು, ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ಅಯಸ್ಕಾಂತದಿಂದ ಸ್ವಲ್ಪ ದೂರ ಸರಿಯತ್ತೆ, ಹತ್ರ ಅಲ್ಲ. ಎಂಆರ್‌ಐ ಮಿಷಿನ್ ನೋಡಿ, 1.5 ಟೆಸ್ಲಾ, ನಮ್ಮೂರಲ್ಲಿರೋ ಭೂಮಿಯ ಕಾಂತಶಕ್ತಿಗಿಂತ 30,000 ಪಟ್ಟಿಗೂ ಹೆಚ್ಚು, ಅದೂ ತಲೆ ಕಾಲಿನ ನೇರಕ್ಕೇ. ಅದರೊಳಗೆ ಅರ್ಧ ಗಂಟೆ ಮಲಗಿ ಬಂದವರ ರಕ್ತ ತಲೆಗೇರಿದ್ದು ನೋಡಿದೀರಾ? ಇದೇ ಮಾತು ಹೇಳ್ಕೊಂಡು ಊರೂರಲ್ಲಿ ಲಕ್ಷ ರೂಪಾಯಿಗೆ "ಮ್ಯಾಗ್ನೆಟಿಕ್ ಹಾಸಿಗೆ" ಚೈನ್ ಸಿಸ್ಟಮ್ ಮಾಡಿ ಮಾರ್ತಾರೆ, ರಿಟೈರ್ಡ್ ಮೇಷ್ಟ್ರುಗಳೇ ಹೋಗಿ ಬೀಳ್ತಾರೆ, ಅದು ನಂಗೆ ನಿಜವಾಗ್ಲೂ ಸಂಕಟ.

ಸರಿ, ಅಂಗಡೀಲಿ ಏನ್ ಮಾಡೋದು? ಅಂಗೈ ಪರೀಕ್ಷೆ ಬೇಡ, ಅಂಗೈ ನಿದ್ದೆ ಮಾಡಲ್ಲ. ಚಪ್ಪಲಿ ಬಿಟ್ಟು, ನಾಚಿಕೆ ಬಿಟ್ಟು, ನೀವು ಮಲಗೋ ಭಂಗೀಲೇ ಹದಿನೈದು ನಿಮಿಷ ಮಲಗಿ. ಮಗ್ಗುಲಾಗಿ ಮಲಗೋರಾದ್ರೆ ಜೊತೇಲಿ ಬಂದೋರಿಗೆ ಬೆನ್ನಿನ ಕಡೆಯಿಂದ ಒಂದು ಫೋಟೋ ಹೊಡೀಲಿಕ್ಕೆ ಹೇಳಿ, ಬೆನ್ನುಮೂಳೆ ಗೆರೆ ನೆಟ್ಟಗಿದ್ಯಾ ನೋಡಿ. ನಡುವಿನ ಕೆಳಗೆ ಕೈ ತೂರಿಸಿ, ಸಲೀಸಾಗಿ ಆ ಕಡೆ ಬಂದ್ರೆ ತೀರಾ ಗಟ್ಟಿ, ತೂರೋದೇ ಇಲ್ಲ ಅಂದ್ರೆ ತೀರಾ ಮೆತ್ತಗೆ.

ಮತ್ತೆ ಡೆನ್ಸಿಟಿ. 40 ಡೆನ್ಸಿಟಿ ಅಂದ್ರೆ ಒಂದು ಘನ ಮೀಟರ್ ಫೋಮ್ 40 ಕೆಜಿ ತೂಗತ್ತೆ ಅಂತ, ಅಷ್ಟೇ. ಗಟ್ಟಿ ಅಂತ ಅರ್ಥ ಅಲ್ಲ, ಹೆಚ್ಚು ಡೆನ್ಸಿಟಿಯದ್ದು ಮೆತ್ತಗೂ ಇರಬಹುದು, ಅದು ಹೇಳೋದು ಎಷ್ಟು ವರ್ಷ ಬಾಳಿಕೆ ಬರತ್ತೆ ಅನ್ನೋದನ್ನ. ಅಮ್ಮ ಕೊನೆಗೆ ಆ ಆರ್ಥೋನೇ ತಗೊಂಡ್ರು, ಆರಡಿ ಉದ್ದ ಐದಡಿ ಅಗಲ ಆರಿಂಚು ದಪ್ಪ, ಪೂರ್ತಿ ಫೋಮ್. ಮನೆಗೆ ಬಂದ್ಮೇಲೆ ನಾನು ಲೆಕ್ಕ ಹಾಕಿದೆ, ಸುಮಾರು 0.425 ಘನ ಮೀಟರ್, 40 ಡೆನ್ಸಿಟಿ ನಿಜ ಆಗಿದ್ರೆ 17 ಕೆಜಿ ತೂಗ್ಬೇಕು. ಕೊಬ್ಬರಿ ಚೀಲ ತೂಗೋ ತಕ್ಕಡಿ ಇತ್ತು, ಸುರುಳಿ ಸುತ್ತಿ ತೊಲೆಗೆ ನೇತು ಹಾಕಿದ್ವಿ. 11 ಕೆಜಿ 800 ಗ್ರಾಂ, ಬಟ್ಟೆ ಕವರ್ ಸೇರಿ. ಅಂದ್ರೆ ಡೆನ್ಸಿಟಿ 28 ದಾಟಲ್ಲ. ಅಂಗಡಿಗೆ ಫೋನ್ ಮಾಡಿ ಭಾಗಾಕಾರ ಎಲ್ಲ ವಿವರಿಸಿದೆ. ಹುಡುಗ ಸಮಾಧಾನವಾಗಿ ಕೇಳಿಸ್ಕೊಂಡು "ಸರ್, ತೂಕ ಕಮ್ಮಿ ಇದ್ರೆ ಒಳ್ಳೇದಲ್ವಾ, ಎತ್ತಿ ಬಿಸಿಲಿಗೆ ಹಾಕೋಕೆ ಆಂಟಿಗೆ ಈಸಿ" ಅಂದ.

ಫೋನ್ ಸ್ಪೀಕರಲ್ಲಿತ್ತು. ಅಮ್ಮ ಅವರೇಕಾಯಿ ಬಿಡಿಸ್ತಾ ಪಕ್ಕದಲ್ಲೇ ಕೂತಿದ್ರು. "ಹುಡುಗ ಹೇಳೋದೂ ಸರೀನೇ ಕಣೋ" ಅಂದ್ರು.